ಜೇಬಿಗೆ ಹೋದ ನಾಬ್

ಅಕ್ಟೋಬರ್ ೯, ವಿನಿಪೆಗ್

ವೃದ್ಧಾಶ್ರಮ ಅಂದುಬಿಟ್ಟಳು ಮಗಳು ಲೋರ್ನಾ.

ಮೊದಲ ಹಿಮ ಬಿತ್ತಲ್ಲ, ಬೇಸಿಗೆಯಿಂದ ಆರಿಸಿಟ್ಟಿದ್ದ ಗ್ಯಾಸ್ ಅಗ್ಗಿಷ್ಟಿಕೆಯೊಳಗೆ ಸದಾ ಉರಿಯೋ ಪುಟ್ಟ ಪೈಲಟ್ ದೀಪ ಹಚ್ಚೋಕೆ ಲೋರ್ನಾ ಸಂಜೆ ಮಂಡಿಯೂರಿದಳು. ಹತ್ತಲಿಲ್ಲ. ಗ್ಯಾಸ್ ವಾಸನೆ ಬಂತು.

"ಆಫ್ ಮಾಡೇ, ಐದು ನಿಮಿಷ ಬಿಡು. ವಾಸನೆ ಹೋಗ್ಲಿ."

"ಗೊತ್ತು ಬಿಡಪ್ಪಾ! ಅಮ್ಮ ಇದನ್ನ ಹಚ್ಚೋವಾಗ ಹೆದರಿಸ್ತಿದ್ಯಲ್ಲ, ಹಂಗೇ ಈಗ್ಲೂ ಹಿಂದಿಂದ 'ಢಮಾರ್' ಅಂತೀಯ."

ಮತ್ತೆ ಕಿಡಿ ಹೊಡೆಯಲು ಹೋದಳು. ನಾನೇ ಗ್ಯಾಸ್ ಆಫ್ ಮಾಡಿ, ನಾಬ್ ಕಿತ್ತು ಜೇಬಿಗೆ ಹಾಕಿಕೊಂಡೆ. ಒಲೆಗೆ ಹತ್ತದ ಬೆಂಕಿ ಅವಳಿಗೆ ಹತ್ತಿತು.

"ನಿನ್ನ ವೃದ್ಧಾಶ್ರಮಕ್ಕೇ ಸೇರಿಸ್ಬೇಕು!" ಕೋಟು ಹಾಕಿಕೊಂಡು ಹೊರಟೇಹೋದಳು.

ವಾಸನೆ ಪೂರ್ತಿ ಹೋದ ಮೇಲೆ ನಾಬ್ ಕೂರಿಸಿ, ಒತ್ತಿ ಹಿಡಿದು ಹಚ್ಚಿದೆ. ನೀಲಿ ಜ್ವಾಲೆ ನಿಂತಿತು. "ಢಮಾರ್" ಅಂದೆ. ಬೆಚ್ಚಿಬಿದ್ದು ಚಪ್ಪಲಿ ಎತ್ತಲು ಅವಳಮ್ಮ ಇಲ್ಲ.

ಹಾಳು ಮನೆ ಬೆಚ್ಚಗಾಗಿದೆ. ಯಾರಿಗೋಸ್ಕರ?