ನಮ್ಮ ಹೊಲದ ಹುಳಕ್ಕೆ ಔಷಧಿಯೇ ಊಟ

ಏನೋ ಮಗನೇ, ಬರೆಯುವ ಕೈಗೆ ಲಕ್ವ ಹೊಡೆದಿದೆಯೇನೋ? ಎರಡು ಕಾಗದ ಹಾಕಿದೆ, ಒಂದಕ್ಕೂ ಉತ್ತರವಿಲ್ಲ. ನಿನ್ನ ಮಗಳು ಫೋನು ಮಾಡಿದರೂ ಎತ್ತುವುದಿಲ್ಲ. ಈ ಕಾರ್ಡು ಓದಿ ಮುಗಿಸುವ ತನಕ ಮೆಕ್ಕೆಜೋಳಕ್ಕೆ ಔಷಧಿ ಹೊಡೆಯಬೇಡ.

ನಿನ್ನೆ ಅವಳು ಕೆಲಸ ಮಾಡುವ ಕೃಷಿ ಸಂಶೋಧನಾ ಕೇಂದ್ರದಲ್ಲಿ, ಪರೀಕ್ಷೆಗೆಂದು ಹುಳ ಸಾಕುವ ಕೋಣೆಗೆ ಹೋಗಿದ್ದೆ. ಹೊರದೇಶದಿಂದ ಬಂದು ನಮ್ಮ ಮೆಕ್ಕೆಜೋಳದ ಸುಳಿ ತಿನ್ನುವ ಆ ಹುಳಕ್ಕೆ ಅಲ್ಲಿ ಅಳಿಯನ ಉಪಚಾರ! ಒಂದೊಂದಕ್ಕೆ ಒಂದೊಂದು ಲೋಟ, ಬೇಯಿಸಿದ ಹಿಟ್ಟಿನ ಊಟ. ನೀನು ಡಬ್ಬಿಯಲ್ಲಿ ಕಳಿಸಿದ ನಮ್ಮ ಹೊಲದ ಹುಳಗಳೂ ಇದ್ದವು. ನೀನು ಹೊಡೆಯುವ ಔಷಧಿಯನ್ನೇ ಊಟಕ್ಕೆ ಬೆರೆಸಿ ಕೊಟ್ಟರೂ ನೂರಕ್ಕೆ ಎಂಬತ್ತು ಉಂಡು ದಪ್ಪಗಾಗಿವೆ.

ನಮ್ಮೂರಿನವು ಒಂಟಿಯಾಗಿವೆ ಎಂದು ಮರುಗಿ ಎರಡನ್ನು ಒಂದೇ ಲೋಟಕ್ಕೆ ಹಾಕಿದೆ. ಕನ್ನಡಕ ಒರೆಸಿಕೊಂಡು ನೋಡುವಷ್ಟರಲ್ಲಿ ದೊಡ್ಡದು ಚಿಕ್ಕದನ್ನು ಅರ್ಧ ತಿಂದಿತ್ತು.

“ಅಯ್ಯೋ ಅಜ್ಜಿ! ಜೊತೇಲಿ ಬಿಟ್ರೆ ಒಂದನ್ನೊಂದು ತಿಂತಾವೆ, ಅದಕ್ಕೇ ಬೇರೆ ಬೇರೆ ಇಟ್ಟಿರೋದು!” ಎಂದು ಓಡಿ ಬಂದಳು ನಿನ್ನ ಮಗಳು.

“ನಿಮ್ಮಪ್ಪ, ಚಿಕ್ಕಪ್ಪನ್ನ ನಾನು ಒಂದೇ ಮನೇಲಿ ಸಾಕಲಿಲ್ವೇನೇ?” ಎಂದೆ.

ನಕ್ಕು ಮುಗಿಸಿ ಹೇಳಿದಳು: “ಅಪ್ಪ ಮೂರು ವರ್ಷ ಒಂದೇ ಔಷಧಿ ಹೊಡೆದ್ರು. ಸಾಯೋವು ಸತ್ವು, ತಡ್ಕೊಂಡವು ಮೊಟ್ಟೆ ಇಟ್ವು. ಈಗ ಹುಟ್ಟೋವೆಲ್ಲ ಹುಟ್ಟಿನಿಂದ್ಲೇ ಗಟ್ಟಿ.”

ಅಂದರೆ ಗಟ್ಟಿ ಹುಳಗಳನ್ನೇ ಆರಿಸಿ ಆರಿಸಿ ಮದುವೆ ಮಾಡಿಸಿದವನು ನೀನು. ಮಗಳಿಗೆ ಮಾತ್ರ ಇನ್ನೂ ಗಂಡು ಸಿಕ್ಕಿಲ್ಲ!

ನನ್ನ ಮೊಣಕಾಲು ನೋವು ಪರವಾಗಿಲ್ಲ. ಬೇರೆ ಏನು ಮಾಡಬೇಕೆಂದು ಅವಳು ಬರೆದು ಕಳಿಸುತ್ತಾಳೆ. ಅಲ್ಲಿಯವರೆಗೆ ಔಷಧಿ ಹೊಡೆಯುವ ಪಂಪು ಮುಟ್ಟಿದರೆ ಈ ಸಲದ ಬೆಳೆಯೂ ಹುಳದ ಪಾಲು. ಕಾರ್ಡಿನಲ್ಲಿ ಜಾಗ ಮುಗಿಯಿತು. ಪಂಪು ಮುಟ್ಟಿಲ್ಲ ಎಂದು, ಹೆಂಡತಿಯಿಂದ ಬರೆಸದೆ ನೀನೇ, ಮುಂದಿನ ತಿಂಗಳು ಹುಟ್ಟುವ ಮೊದಲು ಬರೆ.

ಅಮ್ಮ