ಯಾರದ್ದೂ ಅಲ್ಲದ ಸಮಯದಲ್ಲಿ ಉಂಡ ಊಟಕ್ಕೆ ತೆರಿಗೆ

ತೆರಿಗೆ ಕಚೇರಿಯ ಮೂರನೇ ಮಹಡಿಯಲ್ಲಿ ಕೂರುವ ನಿರ್ಧಾರಣಾಧಿಕಾರಿಗಳಿಗೆ

ಮಾನ್ಯರೇ,

ನನ್ನ ಅಕ್ಕ ಸುಳ್ಳುಗಾರ್ತಿ ಎಂದು ಕಳೆದ ತಿಂಗಳು ತಾವು ಲಿಖಿತವಾಗಿ ತೀರ್ಮಾನಿಸಿದ್ದೀರಿ. ನಾಲ್ಕು ಪುಟದ ಆದೇಶದ ಕೊನೆಯಲ್ಲಿ, ತಮ್ಮ ಸಹಿಗಿಂತ ಸ್ವಲ್ಪ ಮೇಲೆ, "ತೆರಿಗೆದಾರರು ಉದ್ದೇಶಪೂರ್ವಕವಾಗಿ ಸುಳ್ಳು ದಿನಾಂಕಗಳನ್ನು ನಮೂದಿಸಿರುವುದು ಸಾಬೀತಾಗಿದೆ" ಎಂಬ ವಾಕ್ಯವಿದೆ. ಆ ಒಂದು ವಾಕ್ಯವನ್ನು ತಾವು ಹಿಂದಕ್ಕೆ ತೆಗೆದುಕೊಳ್ಳಬೇಕು. ಕೇಳಬೇಕಾದದ್ದನ್ನು ಮೊದಲೇ ಕೇಳಿಬಿಟ್ಟಿದ್ದೇನೆ, ಏಕೆಂದರೆ ತಾವು ಯಾವ ಕಾಗದವನ್ನೂ ಎರಡನೇ ಪ್ಯಾರಾದವರೆಗೆ ಓದುವುದಿಲ್ಲ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈ ಬಹಿರಂಗ ಪತ್ರದ ಉಳಿದ ಓದುಗರಿಗಾಗಿ ಮುಂದಿನದು. ಅಕ್ಕ ಸರಕು ವಿಮಾನದ ಪೈಲಟ್. ಅವಳ ವಿಮಾನದಲ್ಲಿ ಕಿಟಕಿಗಳ ಸಾಲಿಲ್ಲ, ಪ್ರಯಾಣಿಕರಿಲ್ಲ, ಇಳಿಯುವಾಗ ಥ್ಯಾಂಕ್ಸ್ ಹೇಳುವವರಿಲ್ಲ. ಔಷಧಿ, ಮೋಟಾರಿನ ಬಿಡಿಭಾಗ, ಒಮ್ಮೆ ಮೂವತ್ತು ಕುದುರೆ. ಎರಡು ವರ್ಷದ ಹಿಂದೆ ದೊಡ್ಡ ವಿಮಾನ ಹಾರಿಸುವುದನ್ನು ಕಲಿಯಲು ಕಂಪನಿ ಅವಳನ್ನು ಎಪ್ಪತ್ತೆರಡು ದಿನ ಪರದೇಶಕ್ಕೆ ಕಳಿಸಿತು. ಕಲಿಯುವವರಿಗೆ ಕಂಪನಿ ಕೊಡುವುದು ಅರ್ಧ ಸಂಬಳ. ಅದರ ಜೊತೆಗೆ ಊಟಕ್ಕೆ, ಬಟ್ಟೆ ಒಗೆತಕ್ಕೆ ಎಂದು ದಿನಭತ್ಯೆ. ಕೆಲಸದ ಮೇಲೆ ಮನೆಯಿಂದ ಹೊರಗಿರುವವರ ದಿನಭತ್ಯೆಗೆ ತೆರಿಗೆ ಇಲ್ಲ ಎಂದು ತಮ್ಮದೇ ಇಲಾಖೆಯ ನಿಯಮ ಹೇಳುತ್ತದೆ. ಆದರೆ ತಾವು ನಿಯಮಕ್ಕಿಂತ ಚುರುಕು. ಮೊದಲ ನಲವತ್ತೆರಡು ದಿನ ಅಕ್ಕ ಕಲಿತದ್ದು ಸಿಮ್ಯುಲೇಟರಿನಲ್ಲಿ, ಅಂದರೆ ಕಾಕ್‌ಪಿಟ್ಟಿನಂತೆಯೇ ಇರುವ ತಾಲೀಮಿನ ಯಂತ್ರದಲ್ಲಿ. ಸಿಮ್ಯುಲೇಟರನ್ನು ನೆಲಕ್ಕೆ ಬೋಲ್ಟು ಹಾಕಿ ಕೂರಿಸಿರುತ್ತಾರೆ. ನೆಲ ಬಿಟ್ಟು ಏಳದ ಯಂತ್ರದಲ್ಲಿ ಕೂತವಳು ಪ್ರಯಾಣದಲ್ಲಿದ್ದಳು ಎನ್ನಲಾಗದು, ಆದ್ದರಿಂದ ಅವಳು ತಿಂದ ಭತ್ಯೆಯೂ ತೆರಿಗೆ ಬೀಳುವ ಸಂಬಳವೇ. ಇದು ತಮ್ಮ ತರ್ಕ. ಸಾಹಿತ್ಯದ ತರಗತಿಯಲ್ಲಿ ಐದು ವರ್ಷ ಕಳೆದ ನನಗೂ ಇಷ್ಟು ಎತ್ತರದ ಕಲ್ಪನೆ ಎಲ್ಲೂ ಸಿಕ್ಕಿರಲಿಲ್ಲ.

ತಮ್ಮ ಕುರ್ಚಿಯ ಹಿಂದಿನ ಗೋಡೆಯಲ್ಲಿ ಒಂದು ಚಿತ್ರವಿದೆ. ಸಮುದ್ರದಂಡೆಯ ಹೋಟೆಲಿನ ಮೆಟ್ಟಿಲ ಮೇಲೆ ಇಪ್ಪತ್ತು ಮಂದಿ ಅಧಿಕಾರಿಗಳು, ಎರಡನೇ ಸಾಲಿನಲ್ಲಿ ತಂಪು ಕನ್ನಡಕದ ತಾವು. ಕೆಳಗೆ "ತೆರಿಗೆದಾರಸ್ನೇಹಿ ಆಡಳಿತ: ಐದು ದಿನಗಳ ತರಬೇತಿ" ಎಂದು ಬರೆದಿದೆ. ಅಲ್ಲಿ ತಾವು ಕೂತ ಕುರ್ಚಿ ನೆಲ ಬಿಟ್ಟು ಎಷ್ಟು ಅಡಿ ಮೇಲೆ ಹಾರಿತ್ತು? ಆ ಐದು ದಿನದ ಭತ್ಯೆಗೆ ತಾವು ತೆರಿಗೆ ಕಟ್ಟಿದ್ದೀರಾ? ಕಟ್ಟಿಲ್ಲವೆಂದರೆ, ತಾವು ಅಲ್ಲಿ ಕಲಿತದ್ದಾದರೂ ಏನು?

ಇರಲಿ. ಆ ತೆರಿಗೆಯನ್ನು ಅಕ್ಕ ಕಟ್ಟಿಯಾಗಿದೆ, ಬಡ್ಡಿ ಸಮೇತ. ನನ್ನ ಜಗಳ ಉಳಿದ ಮೂವತ್ತು ದಿನಗಳದ್ದು.

ಆ ದಿನಗಳಲ್ಲಿ ಅವಳು ನಿಜವಾದ ವಿಮಾನವನ್ನೇ ಹಾರಿಸಿದಳು, ಪಕ್ಕದಲ್ಲಿ ಕಲಿಸುವ ಕ್ಯಾಪ್ಟನ್. ಎಲ್ಲೆಲ್ಲಿ ಇಳಿದೆ, ಎಂದು ಇಳಿದೆ ಎಂದು ತಮ್ಮ ಫಾರಂನಲ್ಲಿ ತುಂಬಬೇಕಿತ್ತು. ಪ್ರತಿ ಹಾರಾಟವನ್ನೂ ದಾಖಲಿಸುವ ಲಾಗ್‌ಬುಕ್ ತೆರೆದಿಟ್ಟುಕೊಂಡು ಅದರಲ್ಲಿದ್ದಂತೆಯೇ ತುಂಬಿದಳು. ತಪ್ಪಾದದ್ದು ಇಲ್ಲಿಯೇ, ಮತ್ತು ತಪ್ಪು ಅವಳದೇ. ಪೈಲಟ್‌ಗಳು ಲಾಗ್‌ಬುಕ್ಕನ್ನು ಊರಿನ ಗಡಿಯಾರ ನೋಡಿ ಬರೆಯುವುದಿಲ್ಲ, ವಿಶ್ವಸಮಯದಲ್ಲಿ ಬರೆಯುತ್ತಾರೆ. ಒಂದು ದಿನದಲ್ಲಿ ಮೂರು ದೇಶ ದಾಟುವವರು ಮೂರು ಗಡಿಯಾರ ನಂಬಿದರೆ ಎರಡು ವಿಮಾನ ಒಂದೇ ಕಡೆ ಬಂದಾವು ಎಂದು ಎಲ್ಲರೂ ಒಪ್ಪಿಕೊಂಡ ಒಂದೇ ಸಮಯ ಅದು. ಅಕ್ಕ ಇಳಿದ ಊರುಗಳ ಗಡಿಯಾರ ಅದಕ್ಕಿಂತ ಹಲವು ಗಂಟೆ ಮುಂದೆ. ಹದಿನೈದನೇ ತಾರೀಖಿನ ನಸುಕಿಗೆ ಮುಂಚೆ ಇಳಿದರೆ ಲಾಗ್‌ಬುಕ್ಕಿನಲ್ಲಿ ಇನ್ನೂ ಹದಿನಾಲ್ಕು. ಹೋಟೆಲಿನ ರಸೀದಿಯಲ್ಲಿ ಹದಿನೈದು. ಹೀಗೆ ಹನ್ನೊಂದು ಕಡೆ. ಅಮ್ಮ ಫೋನಿನಲ್ಲಿ "ಊಟ ಆಯ್ತೇನೇ?" ಅಂದರೆ "ಯಾವ ದಿನದ್ದಮ್ಮಾ?" ಅನ್ನುವವಳಿಗೆ ತಮ್ಮ ಫಾರಂನ "ದಿನಾಂಕ" ಎಂಬ ಕಾಲಂ ಕಂಡಾಗ ಬೇರೇನೂ ಹೊಳೆಯಲಿಲ್ಲ.

ವಿಚಾರಣೆಯ ದಿನ ನಾನೂ ಜೊತೆಗಿದ್ದೆ. ಬೀರುವಿನ ಪಕ್ಕದ ಸ್ಟೂಲಿನ ಮೇಲೆ ಕಡತಗಳ ಚೀಲ ಹಿಡಿದು ಕೂತಿದ್ದವಳು ನಾನೇ.

"ಹದಿನಾಲ್ಕನೇ ತಾರೀಖು ಎಲ್ಲಿದ್ರಿ?" ಎಂದಿರಿ ತಾವು.

"ಸರ್, ಅದು ವಿಶ್ವಸಮಯ. ನಾವೆಲ್ಲ ಅದರಲ್ಲೇ ಬರಿಯೋದು. ಅಲ್ಲಿಯ ಲೆಕ್ಕದಲ್ಲಿ ಹದಿನೈದು."

"ವಿಶ್ವಸಮಯ ಅಂದ್ರೆ ಯಾರ ಸಮಯ?"

"ಯಾರದ್ದೂ ಅಲ್ಲ ಸರ್."

"ಯಾರದ್ದೂ ಅಲ್ಲದ ಸಮಯ ನನ್ನ ಫೈಲಿಗೆ ಯಾಕಮ್ಮ ಬಂತು?" ತಮ್ಮ ಹಾಸ್ಯಕ್ಕೆ ತಾವೇ ನಕ್ಕು, ಪಕ್ಕದ ಮೇಜಿನ ಗುಮಾಸ್ತರೂ ನಗುವವರೆಗೆ ಕಾದಿರಿ. "ಸರಿ, ಊಟ ಮಾಡಿದ್ದು ಯಾವ ಸಮಯದಲ್ಲಿ?"

"ಹಸಿವಾದಾಗ ಸರ್."

"ಬಿಲ್ಲು?"

"ನಾವು ಇಳಿಯೋ ಹೊತ್ತಿಗೆ ಒಂದೂ ಅಂಗಡಿ ತೆಗೆದಿರಲ್ಲ. ಕಾಸು ಹಾಕಿದ್ರೆ ಬ್ರೆಡ್ ಬೀಳೋ ಮಿಷನ್ ಇರುತ್ತೆ. ಅದು ಬಿಲ್ಲು ಕೊಡಲ್ಲ."

ತಪ್ಪಾಗಿದೆ, ಹೊಸ ಪಟ್ಟಿ ತಂದಿದ್ದೇನೆ ಎಂದು ಅಕ್ಕ ಎರಡು ಹಾಳೆ ಮುಂದಿಟ್ಟಳು. ಪ್ರತಿ ತಾರೀಖನ್ನೂ ಊರಿನ ಗಡಿಯಾರಕ್ಕೆ ತಿರುಗಿಸಿ ಬರೆದ ಪಟ್ಟಿ. ಹೋದದ್ದೂ ಬಂದದ್ದೂ ಒಂದೇ ಗಡಿಯಾರದ ಲೆಕ್ಕವಾದ್ದರಿಂದ ಒಟ್ಟು ದಿನ ಮೊದಲೂ ಮೂವತ್ತು, ಈಗಲೂ ಮೂವತ್ತು. ಒಂದು ಬಿಡಿಗಾಸಿನ ಲಾಭವಿಲ್ಲದ ಕಳ್ಳತನವನ್ನು ತಾವು ಪತ್ತೆ ಹಚ್ಚಿದ್ದೀರಿ ಎಂದಾಯಿತು. ಆ ಹಾಳೆಗಳನ್ನು ತಾವು ಓದಲಿಲ್ಲ. ಚಹಾದ ಲೋಟವನ್ನು ಅವುಗಳ ಮೇಲಿಟ್ಟಿರಿ.

ಆಮೇಲೆ ತಮಗೆ ಕರುಣೆ ಬಂತು. "ನೋಡಿ ಮೇಡಂ, ಸುಳ್ಳು ಬರೆದಿದ್ದೆ ಅಂತ ಇಲ್ಲೊಂದು ಸಹಿ ಹಾಕಿಬಿಡಿ. ದಂಡ ಕಾಲು ಭಾಗಕ್ಕೆ ಇಳಿಸ್ತೀನಿ."

"ತಪ್ಪು ಬರೆದಿದ್ದೆ ಅಂತ ಹಾಕ್ತೀನಿ ಸರ್. ಸುಳ್ಳು ಅಂತ ಹಾಕಲ್ಲ."

"ಎರಡೂ ಒಂದೇ ಅಲ್ವೇನಮ್ಮ?"

"ನಮ್ಮ ಕೆಲಸದಲ್ಲಿ ಅಲ್ಲ ಸರ್."

ಈ ಮಾತನ್ನು ತಾವು ಸೊಕ್ಕು ಎಂದುಕೊಂಡಿರಿ. ಅದು ಸೊಕ್ಕಲ್ಲ, ಅವಳ ಕಸುಬು. ತಪ್ಪು ಸ್ವಿಚ್ಚು ಮುಟ್ಟಿದ ಪೈಲಟ್, ತಪ್ಪು ಎತ್ತರ ಓದಿದ ಪೈಲಟ್, ಇಳಿದ ಮೇಲೆ ತಾನಾಗಿಯೇ ಬರೆದು ಒಪ್ಪಿಸುತ್ತಾನೆ. ಹಾಗೆ ಬರೆದವರನ್ನು ಕಂಪನಿ ಮತ್ತೆ ಸಿಮ್ಯುಲೇಟರಿಗೆ ಕಳಿಸಿ ತಿದ್ದುತ್ತದೆ. ಲಾಗ್‌ಬುಕ್ಕಿನಲ್ಲಿ ಸುಳ್ಳು ಬರೆದವರನ್ನು ಮಾತ್ರ ಯಾರೂ ತಿದ್ದುವುದಿಲ್ಲ, ಲೈಸೆನ್ಸ್ ಕಿತ್ತುಕೊಳ್ಳುತ್ತಾರೆ. ತಮ್ಮ ಕಚೇರಿಯಲ್ಲಿ ತಪ್ಪು ಮತ್ತು ಸುಳ್ಳು ಒಂದೇ ಆಗಿದ್ದರೆ ಅದರಿಂದ ಯಾರೂ ಆಕಾಶದಿಂದ ಬೀಳುವುದಿಲ್ಲ, ನಿಜ. ಹಾಗೆಂದು ಅದನ್ನೇ ಜಗತ್ತಿನ ನಿಯಮ ಎಂದುಕೊಳ್ಳಲು ಎಂಥ ನೆಮ್ಮದಿಯ ಅಜ್ಞಾನ ಬೇಕು!

ಆದೇಶ ಬಂದ ದಿನ ಅಮ್ಮ, "ಅವರು ಕೇಳಿದ್ದು ಕೊಟ್ಟು ಕೈ ತೊಳ್ಕೊಳೇ ಮಾರಾಯ್ತಿ, ಪೀಡೆ ತೊಲಗಲಿ" ಎಂದಳು.

"ದುಡ್ಡು ಕೊಟ್ಟೆನಲ್ಲಮ್ಮ. ಅವರು ಕೇಳ್ತಿರೋದು ದುಡ್ಡಲ್ಲ."

ಅಮ್ಮ ನನ್ನ ಕಡೆ ತಿರುಗಿ, "ನೀನು ಅಷ್ಟೆಲ್ಲ ಪುಸ್ತಕ ಓದಿದ್ದೀಯಲ್ಲ, ಅಲ್ಲಿ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ಯಾ?" ಎಂದಳು.

ಈಗ ಮುಖ್ಯ ಸಂಗತಿ. ಈ ತಿಂಗಳ ಇಪ್ಪತ್ತಕ್ಕೆ ಅಕ್ಕನ ಲೈಸೆನ್ಸ್ ನವೀಕರಣವಾಗಬೇಕು. ಅದರ ಅರ್ಜಿಯಲ್ಲಿ ಹದಿನೇಳನೆಯ ಪ್ರಶ್ನೆ ಹೀಗಿದೆ: "ನಿಮ್ಮ ಹಾರಾಟದ ದಾಖಲೆಗಳು ಸುಳ್ಳೆಂದು ಯಾವುದೇ ಅಧಿಕಾರಿ ತೀರ್ಮಾನಿಸಿದ್ದಾರೆಯೇ?" ಮುಂದೆ ಎರಡು ಚೌಕ, ಹೌದು ಮತ್ತು ಇಲ್ಲ. ತಾವು ಸುಳ್ಳೆಂದ ದಿನಾಂಕಗಳು ಅವಳ ಲಾಗ್‌ಬುಕ್ಕಿನವೇ. ಹೌದು ಎಂದರೆ ತನಿಖೆ ಮುಗಿಯುವವರೆಗೆ ಹಾರುವಂತಿಲ್ಲ. ತನಿಖೆ ವರ್ಷಗಟ್ಟಲೆ ನಡೆದದ್ದಿದೆ, ಅಷ್ಟರಲ್ಲಿ ಕಲಿತದ್ದೆಲ್ಲ ಅವಧಿ ಮೀರಿ ಎಪ್ಪತ್ತೆರಡು ದಿನದ ತರಬೇತಿ ಮೊದಲಿನಿಂದ ಶುರು. ಇಲ್ಲ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ. ತಮ್ಮ ಇಲಾಖೆ ಇನ್ನೊಂದು ಇಲಾಖೆಗೆ ಕಾಗದ ಬರೆಯುವಷ್ಟು ಶ್ರಮ ಎಂದೂ ಪಟ್ಟಿಲ್ಲ.

ತಮ್ಮ ಆದೇಶದ ಪ್ರಕಾರ ಅಕ್ಕ ಪಳಗಿದ ಸುಳ್ಳುಗಾರ್ತಿ. ಲಾಭವಿಲ್ಲದಿದ್ದರೂ ಹನ್ನೊಂದು ಸುಳ್ಳು ಹೇಳಿದವಳು ಹೊಟ್ಟೆಪಾಡಿಗೆ ಒಂದು ಸುಳ್ಳು ಹೇಳಲಾರಳೇ? ಮೊನ್ನೆ ಊಟದ ಮೇಜಿನ ಮೇಲೆ ಅರ್ಜಿಯನ್ನಿಟ್ಟುಕೊಂಡು ಹದಿನಾರು ಪ್ರಶ್ನೆಗಳನ್ನು ಸರಸರ ಮುಗಿಸಿದಳು. ಹದಿನೇಳನೆಯದರ ಮುಂದೆ ಎದ್ದು ಹೋಗಿ ನೀರು ಕುಡಿದು ಬಂದಳು. ಕೂತು, "ಹೌದು" ಎಂಬ ಚೌಕದಲ್ಲಿ ಗುರುತು ಹಾಕಿ ಪೆನ್ನಿನ ಮುಚ್ಚಳ ಹಾಕಿದಳು.

ಅರ್ಜಿ ಲಕೋಟೆಯಲ್ಲಿದೆ, ಲಕೋಟೆ ನನ್ನ ಹತ್ತಿರವಿದೆ. ಹತ್ತೊಂಬತ್ತರ ಸಂಜೆ ಅದನ್ನು ಹೋಗಿ ಕೊಟ್ಟುಬರುವ ಕೆಲಸ ನನ್ನದು. ಅದಕ್ಕೆ ಮುಂಚೆ ಆ ಹಾಳೆಗಳ ಮೇಲಿನ ಲೋಟ ಎತ್ತಿ, ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಓದಿ. ಹತ್ತು ನಿಮಿಷದ ಕೆಲಸ. "ಸುಳ್ಳು" ಎಂದಿರುವಲ್ಲಿ "ತಪ್ಪು" ಎಂದು ತಿದ್ದಿ ಆದೇಶ ಹೊರಡಿಸಿ. ಆಗ ಅಕ್ಕ ಸುಳ್ಳಾಡದೆಯೇ ಇಲ್ಲ ಎಂಬ ಚೌಕಕ್ಕೆ ಗುರುತು ಬದಲಿಸಬಹುದು. ದಂಡ ಪೂರ್ತಿ ತೆಗೆದುಕೊಳ್ಳಿ, ರಿಯಾಯಿತಿ ಬೇಡ. ತಿದ್ದದಿದ್ದರೆ ಅಕ್ಕ ನಿಜ ಹೇಳಿದ್ದಕ್ಕಾಗಿ ಕೆಲಸ ಕಳೆದುಕೊಳ್ಳುತ್ತಾಳೆ, ತಾವು ಆ ಕೋಣೆಯಲ್ಲೇ ಇರುತ್ತೀರಿ.

ಇಂತಿ,
ಅಂದು ಮಾತಾಡಬೇಕಾದ ನಲವತ್ತು ನಿಮಿಷ ಬಾಯಿ ಬಿಡದೆ, ಇಂದು ಊರಿಗೆಲ್ಲ ಕೇಳುವಂತೆ ಬರೆಯುತ್ತಿರುವ
ತಂಗಿ