ಟೈಪ್ ಮಾಡಿದವರ ಸಹಿ

ಮಾರ್ಚ್ 3, ಬೆಳಿಗ್ಗೆ 5.40
ಪಾಪು ಈಗಷ್ಟೇ ಮಲಗಿತು. ನನ್ನ ನಿದ್ದೆ ಮುನಿಸಿಕೊಂಡ ನೆಂಟರ ಹಾಗೆ, ಕರೆದಷ್ಟೂ ದೂರ. ಇವರ ಎಡಗಣ್ಣಿಗೆ ಹನಿ ಹಾಕಿದೆ. ಅಂಗಡಿ ದೋಚಲು ಬಂದವರು ರಾಡಿನಲ್ಲಿ ಹೊಡೆದು ಹತ್ತು ತಿಂಗಳಾಯಿತು. ಮೇ ಮುಗಿಯುವುದರೊಳಗೆ ಆಪರೇಷನ್ ಆಗಬೇಕು. ಆಮೇಲೆ ಆ ಕಣ್ಣಿನ ಆಸೆ ಬಿಡಿ ಎಂದಿದ್ದಾರೆ ಡಾಕ್ಟರು. ಪರಿಹಾರದ ಕೋರ್ಟು ಹಣ ಮಂಜೂರು ಮಾಡಿದೆ — ಜಡ್ಜ್ ಬಾಯಲ್ಲಿ. ಕಾಗದದಲ್ಲಿ ಇನ್ನೂ ಇಲ್ಲ.

ಮಾರ್ಚ್ 11
ಕೋರ್ಟಿಗೆ ಹೋಗಿದ್ದೆ. ಸರ್ಕಾರ ಅನುದಾನ ಕತ್ತರಿಸಿ ಟೈಪಿಸ್ಟ್‌ಗಳನ್ನು ಮನೆಗೆ ಕಳಿಸಿದೆ. ಜಡ್ಜ್ ಹೇಳಿದ ಆದೇಶಗಳೆಲ್ಲ ರೆಕಾರ್ಡರಿನೊಳಗೇ ಕೂತಿವೆ.
"ನಮ್ದು ಎಷ್ಟನೇದು ಸರ್?"
"ನಾನೂರ ಹನ್ನೆರಡು," ಎಂದರು ಗುಮಾಸ್ತರು. "ತಿಂಗಳ ಕೊನೆಗೆ ಸಾಹೇಬ್ರು ರಿಟೈರ್. ಅಷ್ಟರಲ್ಲಿ ಸಹಿ ಬೀಳ್ಲಿಲ್ಲ ಅಂದ್ರೆ ಕೇಸು ಮತ್ತೆ ಅಆಇಈಯಿಂದ."
ಬಾಯಿಂದ ಜಾರಿತು — "ನಂಗೆ ಟೈಪಿಂಗ್ ಬರುತ್ತೆ."
ಅವರು ಬಾಗಿಲ ಕಡೆ ನೋಡಿದರು. ಪಾಪುವಿನ ಕಡೆ ನೋಡಿದರು. "ನಾಳೆ ಬಾಮ್ಮ. ಯಾರಿಗೂ ಹೇಳ್ಬೇಡ."

ಮಾರ್ಚ್ 14
ನಮ್ಮ ಆದೇಶ ಟೈಪ್ ಮಾಡಿ ಮುಗಿಸಿದೆ. ತೊಡೆಯ ಮೇಲೆ ಪಾಪು, ಕಿವಿಯಲ್ಲಿ ಜಡ್ಜ್ ಕೆಮ್ಮು. 'ಅರ್ಜಿದಾರರ ಪತ್ನಿಯ ಸಾಕ್ಷ್ಯ ಪ್ರಾಮಾಣಿಕವಾಗಿದೆ' — ಅಲ್ಲಿ ಬೆರಳು ನಿಂತುಬಿಟ್ಟಿತು. ಕೊನೆಯ ಸಾಲು, 'ಟೈಪ್ ಮಾಡಿದವರ ಸಹಿ'. ಹಾಕಿದೆ. ದುಂಡಗೆ, ಪೂರ್ತಿ ಹೆಸರು.
ಅತ್ತೆ ನಕ್ಕರು. ಎಷ್ಟು ದಿನವಾಗಿತ್ತು! "ಕಾಲೇಜು ಓದಿದ ಸೊಸೆ ತಂದದ್ದು ಸಾರ್ಥಕ ಆಯ್ತು ಬಿಡೇ."

ಮಾರ್ಚ್ 28
ಜಡ್ಜ್ ಸಹಿ ಬಿತ್ತು.

ಏಪ್ರಿಲ್ 22
ಆದೇಶ ರದ್ದು. ಹಣ ಬಿಡುಗಡೆಗೆ ಮುಂಚೆ ಸರ್ಕಾರಿ ವಕೀಲರು ಕೊನೆಯ ಸಾಲು ಓದಿದರಂತೆ. ಅರ್ಜಿದಾರರ ಹೆಂಡತಿಯೇ ಟೈಪ್ ಮಾಡಿದ ಆದೇಶ ಊರ್ಜಿತವಲ್ಲ. ಗುಮಾಸ್ತರಿಗೂ ನೋಟಿಸು.
"ಖಾಲಿ ಬಿಟ್ಟಿದ್ರೆ ಯಾರಮ್ಮ ಕೇಳ್ತಿದ್ರು? ಯಾಕೆ ಹಾಕ್ದೆ?"
"ಜಾಗ ಬಿಟ್ಟಿದ್ರಲ್ಲ ಸರ್..."
ಹೊಸ ಜಡ್ಜ್ ನೇಮಕಕ್ಕೆ ಅನುದಾನವಿಲ್ಲ. ಮುಂದಿನ ತಾರೀಖೂ ಇಲ್ಲ.
ಇವರಿಗೆ ಹೇಳಿಲ್ಲ. 'ಬರ್ತಾ ಇದೆ' ಎಂದಿದ್ದೇನೆ. ಪ್ರಾಮಾಣಿಕ ಪತ್ನಿ.

ಮೇ 31, ಬೆಳಿಗ್ಗೆ 6
ಇವರು ಕೈಯಿಂದ ಬಲಗಣ್ಣು ಮುಚ್ಚಿಕೊಂಡು ಹಾಸಿಗೆಯ ಕಡೆ ನೋಡುತ್ತಿದ್ದರು.
"ಬೆಳ್ಳಗೆ ಏನೋ ಕಾಣ್ತಿದೆ ಕಣೇ. ಪಾಪು ತಾನೇ?"
ದಿಂಬು. ಪಾಪು ನನ್ನ ಹೆಗಲ ಮೇಲಿತ್ತು. ಅದರ ಬಾಯಿಗೆ ಮೆಲ್ಲಗೆ ಕೈ ಅಡ್ಡ ಹಿಡಿದೆ, ದನಿ ಬಾರದ ಹಾಗೆ. ಹೂಂ ಅಂದೆ.